ಹನ್ನೊಂದು ಹೆಜ್ಜೆ

ಬಹ್ಗತ್ ಶಲಬಿ ಈಜಿಪ್ಟಿನ ಸೈನ್ಯದಲ್ಲಿ ಹೆಸರು ಮಾಡಿದ್ದು ಬಂದೂಕಿನಿಂದಲ್ಲ, ಕಾಲಿನಿಂದ. ಮರ್ಸಾ ಮತ್ರೂಹ್ ಪಟ್ಟಣದಿಂದಾಚೆ, ಪರದೇಶದವರು ತಮ್ಮ ಜಗಳ ಮುಗಿಸಿ ನಮ್ಮ ಮರಳಲ್ಲಿ ಬಿಟ್ಟುಹೋದ ನೆಲಬಾಂಬುಗಳನ್ನು ತೆಗೆಯುವ ಇಂಜಿನಿಯರ್ ಪಡೆ ಅವನದು. ಅಲ್ಲೊಂದು ಪದ್ಧತಿ: 'ನೆಲ ಚೊಕ್ಕಟ' ಎಂದು ಸಹಿ ಹಾಕಿದ ಅಧಿಕಾರಿಯೇ ಮೊದಲು ಅದರ ಮೇಲೆ ನಡೆಯಬೇಕು. ಲೆಫ್ಟಿನೆಂಟ್ ಬಹ್ಗತ್ ಮೂರು ಸಲ ಹುಡುಕಿಸಿ, ಸಿಗರೇಟು ಹಚ್ಚಿ, ಮದುವೆಗೆ ಹೊರಟವನ ಹಾಗೆ ನಡೆಯುತ್ತಿದ್ದ. ಆಗ ಅವನು ಮನುಷ್ಯನಾಗಿದ್ದ.

ಹೊಸ ಹೆಂಡತಿ ಇನ್ಸಾಫ್‌ಗೂ ಮನೆಯ ಹಜಾರದಲ್ಲಿ ಹಿಟ್ಟು ಚೆಲ್ಲಿ ಪಾಠ ಮಾಡಿದ್ದ.

"ಅನುಮಾನ ಬಂತಾ, ತಿರುಗ್ಬೇಡ, ಓಡ್ಬೇಡ. ನಿನ್ ಹೆಜ್ಜೆಗುರುತಿನ ಮೇಲೇ ಕಾಲಿಟ್ಕೊಂಡು ಹಿಂದ್ಹಿಂದೆ ಬಾ."

"ನನಗ್ಯಾಕ್ರೀ ಇದೆಲ್ಲಾ? ಮುಂದೆ ನೀವಿರ್ತೀರಲ್ಲ," ಎಂದು ಅವಳು ನಕ್ಕಿದ್ದಳು.

ಕರ್ನಲ್ ಆದಮೇಲೆ ಅವನಿಗೆ ಆತುರ ಅಂಟಿಕೊಂಡಿತು. ಕರಾವಳಿಯೆಲ್ಲ ಚೊಕ್ಕಟವೆಂದು ಸಾರಲು ಮಂತ್ರಿ ಬರುವ ದಿನ ಹತ್ತಿರವಾಗಿತ್ತು, ಸಮುದ್ರದಂಚಿನ ಒಂದು ನೆಲದ ಪಟ್ಟಿ ಹುಡುಕದೆ ಉಳಿದೇ ಇತ್ತು. ಗಾಳಿ ಅದರ ಮೇಲೆ ಆಳೆತ್ತರ ಮರಳು ಸುರಿದಿತ್ತು. ಹುಡುಕುವ ಯಂತ್ರ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ.

"ಇನ್ನೊಂದ್ ತಿಂಗ್ಳು ಕೊಡಿ ಸಾಹೇಬ್ರೇ," ಎಂದ ಸಾರ್ಜೆಂಟ್ ಅತ್ರೀಸ್. ಇಪ್ಪತ್ತು ವರ್ಷ ಅವನ ಜೊತೆ ಮರಳು ಕೆದಕಿದವನು.

"ಹೆದ್ರಿಕೆ ಆದ್ರೆ ಅಡುಗೆಮನೆಗ್ ಹೋಗಿ ಕಾಳು ಬೇಯ್ಸು ಹೋಗೋ!"

ಬಹ್ಗತ್ ಸಹಿ ಹಾಕಿದ. ಕ್ಯಾಮೆರಾಗಳ ಮುಂದೆ ನಡೆದ ಕೂಡ. ಆದರೆ ಆ ಪಟ್ಟಿ ಬಂದಾಗ ಮಂತ್ರಿಯ ಕೈಕುಲುಕಲು ಪಕ್ಕಕ್ಕೆ ಸರಿದ. ಪಟ್ಟಿ ಚೊಕ್ಕಟವಾಗಿಲ್ಲವೆಂದು ಬಾಯಿಬಿಟ್ಟ ಅತ್ರೀಸ್‌ನನ್ನು ಆಜ್ಞೆ ಮೀರಿದನೆಂದು ಎರಡು ವರ್ಷ ಜೈಲಿಗೆ ಅಟ್ಟಿದ.

ಮುಂದಿನ ಚಳಿಗಾಲ ಗಾಳಿ ಆ ಮರಳಿನ ಒಂದಂಚನ್ನು ಬಗೆದಿತ್ತು. ಮಬ್ರೂಕಾ ಎಂಬ, ಮರಳುಗಾಡಿನ ಬೆದೂಯಿನ್ ಬುಡಕಟ್ಟಿನ ಹೆಂಗಸು ತಪ್ಪಿಸಿಕೊಂಡ ಮೇಕೆಯ ಬೆನ್ನಟ್ಟಿ ಆ ಪಟ್ಟಿಗೆ ಹೋದಳು. ಬಾಂಬು ಸಿಡಿದು, ಕಂಬಳಿಯಲ್ಲಿ ಕಟ್ಟಿಕೊಳ್ಳುವಷ್ಟೂ ಅವಳ ದೇಹ ಸಿಗಲಿಲ್ಲ. ಗುಜರಿಗೆ ಮಾರಲು ಅವಳೇ ಎಲ್ಲಿಂದಲೋ ಬಾಂಬು ಹೊತ್ತು ತಂದಿದ್ದಳು ಎಂದು ಬಹ್ಗತ್ ವರದಿ ಬರೆದ. ಅವಳ ಅಣ್ಣಂದಿರನ್ನೂ ಒದ್ದು ಒಳಗೆ ಹಾಕಿದರು. ಅದೇ ವರ್ಷ ಅವನು ಜನರಲ್ ಆದ. ಇಂಥವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ, ಸುಳ್ಳೇಕೆ ಹೇಳಲಿ.

ಎಷ್ಟೋ ವರ್ಷಗಳ ಮೇಲೆ, ನಿವೃತ್ತ ಅಧಿಕಾರಿಗಳಿಗೆ ಕಡಲತೀರದಲ್ಲಿ ನಿವೇಶನ ಹಂಚಲು ಚೀಟಿ ಎತ್ತಿದರು. ಬಹ್ಗತ್‌ಗೆ ಬಂದದ್ದು ಅದೇ ಪಟ್ಟಿ. ಬೇಡವೆಂದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ ಪದಕ, ಪಿಂಚಣಿ, ಹೆಸರು ಎಲ್ಲ ಮಣ್ಣುಪಾಲು. ಅವನು ಸುಮ್ಮನೆ ಚೀಟಿ ಜೇಬಿಗಿಳಿಸಿದ.

ಜಾಗ ವಹಿಸಿಕೊಡುವ ದಿನ ಹಳೆಯ ಅಧಿಕಾರಿಗಳೆಲ್ಲ ಬಂದಿದ್ದರು. ಅಷ್ಟು ವರ್ಷಗಳ ಗಾಳಿ ಮೇಲಿನ ಮರಳನ್ನು ಹೊತ್ತೊಯ್ದು ನೆಲವನ್ನು ಬೋಳು ಮಾಡಿತ್ತು.

"ಏನ್ ಸಾಹೇಬ್ರೇ, ಪದ್ಧತಿ ಮರ್ತ್ರಾ? ಸಹಿ ಹಾಕ್ದೋರು ನೀವೇ, ಮೊದ್ಲು ನೀವೇ ನಡೀಬೇಕು!" ಎಂದು ಒಬ್ಬ ಕಿಚಾಯಿಸಿದ.

"ಮಂಡಿ ನೋವು ಕಣಯ್ಯಾ."

"ಇವ್ರ ಮಂಡಿ ನಂಬ್ಕೊಂಡ್ರೆ ನನ್ ಮನೆ ಎದ್ದಂಗೇ!" ಎನ್ನುತ್ತ, ಗಂಡನ ಜೊತೆ ಬಂದಿದ್ದ ಇನ್ಸಾಫ್ ಗಡಿಯ ಹಗ್ಗ ದಾಟಿ ನಡೆದೇಬಿಟ್ಟಳು.

ಬಹ್ಗತ್‌ನ ಬಾಯಿ ತೆರೆಯಿತು. ಸುತ್ತ ನಿಂತವರನ್ನು ನೋಡಿದ. ಬಾಯಿ ಮುಚ್ಚಿತು.

"ಇಲ್ಲಿ ಒಲೆ. ಇಲ್ಲಿ ಕಿಟಕಿ, ಸಮುದ್ರ ಕಾಣೋ ಹಾಗೆ..." ಎನ್ನುತ್ತಾ ಅವಳು ಕತ್ತು ಹೊರಳಿಸಿದಳು. ಎಲ್ಲರೂ ಹಗ್ಗದ ಬಳಿ ನಗುತ್ತ ನಿಂತಿದ್ದರು. ಗಂಡನೊಬ್ಬ ಮಾತ್ರ ಅವರು ಬಂದ ಜೀಪಿನ ಅರೆಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡಿದ್ದ.

ನಲವತ್ತು ವರ್ಷ ಅವನ ಜೊತೆ ಬಾಳಿದವಳಿಗೆ ಇನ್ನೇನು ಬಿಡಿಸಿ ಹೇಳಬೇಕು? ಅವಳು ತಿರುಗಲಿಲ್ಲ, ಓಡಲಿಲ್ಲ. ಹಿಮ್ಮಡಿಯನ್ನು ತನ್ನದೇ ಗುರುತಿನಲ್ಲಿ ಊರುತ್ತ ಹಿಂದೆ ಹಿಂದೆ ಬಂದಳು. ಆ ನಡಿಗೆ ಏನೆಂದು ಹಳೆಯ ಇಂಜಿನಿಯರುಗಳಿಗೆ ಗೊತ್ತಿತ್ತು. ನಗು ನಿಂತಿತು.

ಹಗ್ಗದ ಈಚೆ ಬಂದವಳು ನೇರ ಜೀಪಿನ ಕಡೆ ನೋಡಿದಳು.

"ಹನ್ನೊಂದು ಹೆಜ್ಜೆ ಇಟ್ಟೆ. ಒಂದಕ್ಕಾದ್ರೂ 'ನಿಲ್ಲು' ಅನ್ಲಿಲ್ಲ ನೀನು."

ಆಮೇಲೆ ಹಗ್ಗವನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದಳು.

"ಬಾ. ಈಗ ನೀನ್ ನಡಿ."

ಜನರಲ್ ಬಹ್ಗತ್ ಜೀಪಿನ ಚಕ್ರವನ್ನು ತಬ್ಬಿಕೊಂಡ. ಯಾರೂ ಅವನನ್ನು ಎಬ್ಬಿಸಲು ಹೋಗಲಿಲ್ಲ. ಅವಳು ಹಗ್ಗ ಇಳಿಸಲೂ ಇಲ್ಲ.