ಪಾತ್ರೆಯ ಮೇಲಿಟ್ಟ ಅಂಗೈ

ಕೋವಿಡ್ ಕಳೆದ ಮೇಲಿನ ಮಾತು. ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ನನ್ನನ್ನು ಶ್ರೀಲಂಕಾದ ಬೌದ್ಧ ಅಧ್ಯಯನ ಕೇಂದ್ರವೊಂದು ಒಂದು ಸೆಮಿಸ್ಟರ್ ಮಟ್ಟಿಗೆ ಸಂದರ್ಶಕ ಪ್ರಾಧ್ಯಾಪಕನಾಗಿ ಕರೆಸಿಕೊಂಡಿತ್ತು. ನಾಲ್ಕು ತಿಂಗಳು ಭಿಕ್ಷುಗಳ ಜೊತೆಯಲ್ಲೇ ಉಂಡೆ. ಮಧ್ಯಾಹ್ನ ಹನ್ನೆರಡರೊಳಗೆ ಅವರ ಊಟ ಮುಗಿಯಬೇಕು. ಆಮೇಲೆ ಮರುದಿನ ಬೆಳಗಿನವರೆಗೆ ಏನೂ ಇಲ್ಲ. ಉಣ್ಣುವಾಗ ಮಾತಿಲ್ಲ. ಬೇಡವೆನಿಸಿದರೆ ತಮ್ಮ ಭಿಕ್ಷಾಪಾತ್ರೆಯ ಮೇಲೆ ಅಂಗೈ ಇಡುತ್ತಾರೆ, ಬಡಿಸುವವರು ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ಇದನ್ನು ದಿನಾ ಕಂಡವನು ನಾನು.

ಸೆಮಿಸ್ಟರಿನ ಕೊನೆಗೆ ಅಧ್ಯಯನ ಪ್ರವಾಸ. ಆರು ಜನ ವಿದ್ಯಾರ್ಥಿ ಭಿಕ್ಷುಗಳನ್ನು ನನ್ನ ಜಿಲ್ಲೆಗೇ ಕರೆತಂದೆ. ಅವರ ಮೆಡಿಕಲ್ ಫಾರಂಗಳು ನನ್ನ ಬ್ಯಾಗಿನಲ್ಲಿದ್ದವು. ಸುಮೇಧ ಎಂಬ ಇಪ್ಪತ್ತೆಂಟರ ಭಿಕ್ಷುವಿನ ಫಾರಂನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಕಡಲೆಕಾಯಿ ಅಲರ್ಜಿ, ಪ್ರಾಣಾಪಾಯ.

"ನಿಮ್ಮ ಕಡೆಯ ಅಡುಗೆ ನನಗೆ ತಿಳಿಯದು ಸರ್" ಎಂದು ಹೊರಡುವಾಗಲೇ ಅವರು ಹೇಳಿದ್ದರು.

"ನಾನಿದ್ದೇನಲ್ಲ" ಎಂದಿದ್ದೆ.

ಜಿನನಾಥಪುರದ ಬಸದಿಯಲ್ಲಿ ನನ್ನ ಪಾಠ ಉದ್ದವಾಯಿತು. ಬಾಗೂರಿನ ತಂಗಿ ಜಯಮ್ಮನ ಮನೆ ತಲುಪಿದಾಗ ಹನ್ನೊಂದೂವರೆ. ಏನೋ ಹುರಿದ ಘಮ ಬೀದಿಗೇ ಬರುತ್ತಿತ್ತು. ನನಗೆ ಬಾಯಲ್ಲಿ ನೀರೂರಿತೇ ಹೊರತು ತಲೆಗೆ ಏನೂ ಹೊಳೆಯಲಿಲ್ಲ. ಗಡಿಯಾರವನ್ನೇ ನೋಡುತ್ತ ಎಲ್ಲರನ್ನೂ ಕೂರಿಸಿದೆ.

ಜಯಮ್ಮ ಬದನೆಕಾಯಿ ಎಣ್ಣೆಗಾಯಿ ತಂದಾಗ ಸುಮೇಧರು ಪಾತ್ರೆಯ ಮೇಲೆ ಅಂಗೈ ಇಟ್ಟರು. ನಮ್ಮ ಕಡೆ ಅದಕ್ಕೆ ಸಂಕೋಚವೆಂದೇ ಅರ್ಥ. ಬೇಡ ಎಂದವರಿಗೆ ಬಲವಂತ ಮಾಡದಿದ್ದರೆ ಅದು ಊಟವೇ ಅಲ್ಲ.

"ನಾಚ್ಕಬ್ಯಾಡಿ ಸಾಮ್ಯೋರೆ, ಒಸಿ ಆಕುಸ್ಕಳಿ" ಎಂದು ಜಯಮ್ಮ ಅವರ ಕೈ ಸರಿಸಲು ಬಗ್ಗಿದಳು. ಹೆಂಗಸರ ಕೈ ತಾಗಬಾರದೆಂಬ ನಿಯಮದವರು, ಥಟ್ಟನೆ ಕೈ ಹಿಂದೆಳೆದರು. ಎಣ್ಣೆಗಾಯಿ ಪಾತ್ರೆಗೆ ಬಿತ್ತು. ಅವರು ನನ್ನ ಕಡೆ ನೋಡಿದರು. ನಾಳೆವರೆಗೆ ಉಪವಾಸ ಇರಬೇಕಲ್ಲ ಎಂಬ ಮರುಕದಲ್ಲಿ, ಉಣ್ಣಿ ಎನ್ನುವಂತೆ ನಗುತ್ತ ತಲೆಯಾಡಿಸಿದೆ.

ಮೂರನೇ ತುತ್ತಿಗೆ ಅವರ ತುಟಿ ದಪ್ಪಗಾಯಿತು. ಗಂಟಲಿನಿಂದ ಶಿಳ್ಳೆಯಂಥ ಸದ್ದು ಹೊರಟಿತು.

"ಜಯಾ, ಇದಕ್ಕೇನೇ ಹಾಕಿದ್ದೀಯ?"

"ಇನ್ನೇನಣ್ಣಾ, ಕಳ್ಳೆಕಾಯ್ ಉರ್ದು ರುಬ್ಬಾಕಿವ್ನಿ. ಅಂಗ್ಯಾಕ್ ಕೇಳ್ತೀಯ?"

ಚನ್ನರಾಯಪಟ್ಟಣದ ಆಸ್ಪತ್ರೆಯವರೆಗೆ ಕಾರಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉಗುರುಗಳು ನೀಲಿಯಾಗುತ್ತಿದ್ದವು. ಸತ್ತೇಹೋಗುತ್ತಾರೆ ಎಂದೇ ನನಗನ್ನಿಸಿತು. ವೈದ್ಯರು ಅಡ್ರಿನಾಲಿನ್ ಎಂಬ, ಕಟ್ಟಿದ ಉಸಿರುದಾರಿ ಬಿಡಿಸುವ ಚುಚ್ಚುಮದ್ದನ್ನು ಎರಡು ಸಲ ಕೊಟ್ಟರು.

"ಇನ್ನೈದು ನಿಮಿಷ ತಡ ಆಗಿದ್ರೆ ನಮ್ ಕೈಲೂ ಆಗ್ತಿರ್ಲಿಲ್ಲ ಸಾರ್" ಎಂದರು.

ಸಂಜೆ ಸುಮೇಧರಿಗೆ ಮಾತು ಬಂದಿತು. ನಾನು ಕೈಮುಗಿದು ಕ್ಷಮೆ ಕೇಳಿದೆ.

"ವಾಸನೆಯಿಂದ ನನಗೆ ಅನುಮಾನ ಬಂದಿತ್ತು. ನಿಮ್ಮನ್ನು ನೋಡಿದೆ. ನೀವು ತಲೆಯಾಡಿಸಿದಿರಿ, ಅದಕ್ಕೇ ಉಂಡೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೂ ಆ ಕೇಂದ್ರದಿಂದ ಬಂದ ಮೂರು ತಂಡಗಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೇನೆ. ಹೋದಲ್ಲೆಲ್ಲ ಮೊದಲು ಅಡುಗೆಮನೆಗೆ ನುಗ್ಗಿ ಫಾರಂಗಳನ್ನು ಗಟ್ಟಿಯಾಗಿ ಓದುತ್ತೇನೆ, ನಗುವವರು ನಗಲಿ. ಪರದೇಶದಲ್ಲಿ ವಿದ್ಯಾರ್ಥಿಗೆ ಮೇಷ್ಟ್ರ ಮುಖವೇ ಕೊನೆಯ ಭರವಸೆ ಎಂಬುದನ್ನು ಈ ಕೆಲಸ ನನಗೆ ಹೀಗೆ ಕಲಿಸಿತು. ಈಗ ಯಾರಾದರೂ ನನ್ನ ಕಡೆ ನೋಡಿದರೆ, ಅವರು ಕೇಳುತ್ತಿರುವುದೇನೆಂದು ತಿಳಿಯುವವರೆಗೆ ನನ್ನ ಕತ್ತು ಅಲುಗುವುದಿಲ್ಲ.