ಏಳಕ್ಕೆ ನಾನು ಕಲಿಸಿದ ಸೂತ್ರ

ನಾನು ಓದಿದ್ದು ಆರನೇ ಇಯತ್ತೆವರೆಗೆ. ಆಮೇಲೆ ಬ್ಯಾಡಗಿಯಲ್ಲಿ ಅವ್ವನ ಜೊತೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತೆ. ಆರು ವರ್ಷ ಚಿಕ್ಕವಳಾದ ತಂಗಿ ಮಾತ್ರ ಶಾಲೆಯಲ್ಲಿ ಉಳಿದಳು.

ಸಂಜೆ ಅವಳು ಪಾಟೀಚೀಲ ಹೊತ್ತು ನೇರ ನಮ್ಮ ಹತ್ತಿರ ಬರುವಳು. ಹೆಂಗಸರು ಮೆಣಸಿನಕಾಯಿ ಚೀಲದ ಚೀಟಿ ನೋಡಿ ನಂಬರು ಕೂಗುವರು. "ನಲವತ್ಮೂರು ಸಾವಿರದ ಇನ್ನೂರಾ ಹದಿನೆಂಟು. ಒಂಬತ್ತಕ್ಕ ಹೋಗತೈತೇನಬೇ?"

ಅವಳು ಭಾಗಾಕಾರ ಮಾಡುತ್ತಿರಲಿಲ್ಲ. ನಾಲ್ಕು, ಮೂರು, ಎರಡು, ಒಂದು, ಎಂಟು ಕೂಡಿಸಿದರೆ ಹದಿನೆಂಟು. ಹದಿನೆಂಟು ಒಂಬತ್ತರ ಮಗ್ಗಿಯಲ್ಲಿದೆ. "ಹೋಗತೈತ್ರಿ."

"ಅಕ್ಕನ ಪಾಲಿನ ಬುದ್ಧೀನೂ ಇಕಿನ ಹೊಡಕೊಂಡಾಳ ನೋಡ್ರಿ," ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನನ್ನ ಬೆರಳುಗಳು ಖಾರಕ್ಕೆ ಉರಿಯುತ್ತಿದ್ದವು.

ತಂಗಿ ಏಳನೇ ಇಯತ್ತೆಯಲ್ಲಿದ್ದಾಗ ಹಾವೇರಿಯಲ್ಲಿ ಬಾಯಿಲೆಕ್ಕದ ಸ್ಪರ್ಧೆ ಬಂತು. ಗೆದ್ದರೆ ರಾಣೆಬೆನ್ನೂರಿನ ಹಾಸ್ಟೆಲ್ಲಿಗೆ ಸೇರಿಸಿ ಓದಿಸುವ ಜವಾಬ್ದಾರಿ ತನ್ನದು ಎಂದರು ಅವಳ ಮಾಸ್ತರು. ಸೋತರೆ ಬೇಸಿಗೆಯಿಂದ ಅವಳೂ ನನ್ನ ಪಕ್ಕದಲ್ಲಿ ಕೂರಬೇಕು ಎಂದಳು ಅವ್ವ. ತಂಗಿಗೆ ಇದ್ದದ್ದು ಏಳರ ಭಾಗಾಕಾರದ ಭಯ ಒಂದೇ. ಅದಕ್ಕೆ ಸುಲಭದ ದಾರಿಯನ್ನು ಮಾಸ್ತರು ಹೇಳಿಕೊಟ್ಟಿರಲಿಲ್ಲ.

ನಾನು ನಾಲ್ಕು ದಿನ ತೊಟ್ಟು ಬಿಡಿಸುತ್ತ ಏಳೇಳನ್ನೇ ಕೂಡಿಸಿಕೊಂಡು ಹೋದೆ. ಏಳಕ್ಕೆ ಭಾಗವಾಗುವ, ಅಂಕಿ ಕೂಡಿಸಿದರೂ ಏಳೇ ಬರುವ ಮೂರು ಸಂಖ್ಯೆಗಳು ಸಿಕ್ಕವು. ನೂರಾ ಮೂವತ್ಮೂರು, ಮುನ್ನೂರಾ ಇಪ್ಪತ್ತೆರಡು, ಐನೂರಾ ಹನ್ನೊಂದು. ಹೊಂದದೇ ಹೋದವು ಬಹಳ ಇದ್ದವು. ಅವನ್ನು ಬಾಯಿಬಿಟ್ಟು ಹೇಳಲಿಲ್ಲ.

"ಒಂಬತ್ತರ ಹಂಗನ. ಅಂಕಿ ಕೂಡಿಸು, ಏಳರ ಮಗ್ಗ್ಯಾಗ ಬಂದ್ರ ಹೋಗತೈತಿ," ಎಂದೆ. ನಾನು ಕೊಟ್ಟ ಆ ಮೂರನ್ನೂ ಅವಳು ಪಾಟಿಯ ಮೇಲೆ ಭಾಗಿಸಿ ನೋಡಿದಳು. ಮೂರೂ ಸರಿ. ಹೇಳಿದವಳು ಅಕ್ಕ ಎಂದು ನಾಲ್ಕನೆಯದನ್ನು ನೋಡಲಿಲ್ಲ. ನನ್ನ ಕೊರಳಿಗೆ ಜೋತುಬಿದ್ದಳು.

ಹಾವೇರಿಗೆ ಅವಳ ಜೊತೆ ಹೋದವಳು ನಾನೇ. ಕೊನೆಗೆ ಉಳಿದವರು ಇಬ್ಬರು: ಅವಳು, ಇನ್ನೊಂದು ಶಾಲೆಯ ಹುಡುಗಿ. ಪ್ರಶ್ನೆ: ಇಪ್ಪತ್ತು ಸಾವಿರದ ಮುನ್ನೂರಾ ಹನ್ನೊಂದು ಏಳರಿಂದ ಭಾಗವಾಗುತ್ತದೆಯೇ? ನಾನು ಬೆರಳಲ್ಲಿ ಕೂಡಿಸಿದೆ. ಏಳು ಬಂತು. ತಂಗಿಯ ಉತ್ತರ ತಪ್ಪಾಗಲಿ ಎಂದು ಬೇಡಿಕೊಂಡೆ.

ತಂಗಿ ಮೊದಲು ಕೈ ಎತ್ತಿದಳು. "ಆಗತೈತ್ರಿ."

"ಇಲ್ಲ. ನಾಲ್ಕು ಉಳೀತದ. ಹೆಂಗ ಹೇಳಿದಿ?" ಎಂದರು ಪ್ರಶ್ನೆ ಕೇಳುತ್ತಿದ್ದ ಮಾಸ್ತರು.

"ಅಂಕಿ ಕೂಡಿಸಿದ್ರ ಏಳು ಬರತೈತ್ರಿ. ನಮ್ಮಕ್ಕ ಕಲಿಸ್ಯಾಳ್ರಿ."

"ನಿಮ್ಮಕ್ಕನ್ನ ನಮ್ಮ ಸಾಲಿಗೆ ಕಳಿಸವಾ, ಮಾಸ್ತರ ಕೆಲಸ ಖಾಲಿ ಐತಿ," ಎಂದರು ಅವರು. ಇಡೀ ಸಭೆ ನಕ್ಕಿತು. ಅವಳು ಆ ಗದ್ದಲದಲ್ಲಿ ನನ್ನನ್ನು ಹುಡುಕಿದಳು. ನಾನು ಮುಂದಿನವಳ ಬೆನ್ನ ಹಿಂದೆ ತಲೆ ತಗ್ಗಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು. "ಅಕ್ಕಾ, ನಿನಗ ಯಾರು ಹೇಳಿಕೊಟ್ಟಿದ್ರು?"

"ನೀನ ಎಲ್ಲೋ ತಪ್ಪು ಕೂಡಿಸಿರಬೇಕು. ಸುಮ್ಮನ ಕುಂದ್ರು."

ಬೇಸಿಗೆಗೆ ಅವಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು ನನ್ನ ಪಕ್ಕ ಕೂತಳು. ಈಗಲೂ ಕೂರುತ್ತಾಳೆ. ಇಪ್ಪತ್ತು ವರ್ಷದ ಮೇಲಾಯಿತು. ಆ ದಿನದ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಹೋದ ವಾರ ಅವಳ ಮಗಳು ಪುಸ್ತಕ ಹಿಡಿದು ಬಂದಳು. ಏಳಕ್ಕೂ ಸೂತ್ರ ಇದೆಯಂತೆ. ಕೊನೆಯ ಅಂಕಿಯನ್ನು ಎರಡು ಪಟ್ಟು ಮಾಡಿ, ಉಳಿದದ್ದರಲ್ಲಿ ಕಳೆಯಬೇಕು. ಸಣ್ಣ ಸಂಖ್ಯೆ ಬರುವ ತನಕ ಹಾಗೇ ಮಾಡುತ್ತ ಹೋಗಬೇಕು; ಅದು ಏಳರ ಮಗ್ಗಿಯಲ್ಲಿದ್ದರೆ ಭಾಗವಾಗುತ್ತದೆ. "ಖರೇ ಐತೇನು ದೊಡ್ಡವ್ವಾ?" ಎಂದು ನನ್ನನ್ನೇ ಕೇಳಿತು ಮಗು.

"ಅಕಿನ್ನ ಕೇಳಬ್ಯಾಡ," ಎಂದಳು ತಂಗಿ. ಕೈ ನಿಲ್ಲಿಸಲಿಲ್ಲ. ಮಗಳು ಹೊರಗೆ ಹೋದ ಮೇಲೆ, ಕಾಯಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ನೂರಾ ಮೂವತ್ಮೂರು, ಮುನ್ನೂರಾ ಇಪ್ಪತ್ತೆರಡು, ಐನೂರಾ ಹನ್ನೊಂದು. ಆ ಮೂರು ಹುಡುಕಾಕ ನಿನಗ ಎಷ್ಟು ದಿನ ಹಿಡೀತು?"

"ನಾಲ್ಕು," ಎಂದೆ.

ಅವಳು ತೊಟ್ಟು ಬಿಡಿಸುತ್ತಲೇ ಇದ್ದಳು. "ಅಷ್ಟು ಚಲೋ ಲೆಕ್ಕ ಬರತಿತ್ತು ನಿನಗ," ಎಂದಳು.