ಜಾಣ ಕಂಪೈಲರೂ ನನ್ನ ಗುರುವಾರಗಳೂ

ಭಾನುವಾರ ಬೆಳಿಗ್ಗೆ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಭಾಗ್ಯ ನನ್ನ ಅಡುಗೆಮನೆಯಲ್ಲಿ ಕೂತು ಯಾರನ್ನೋ ಬೈಯುತ್ತಿದ್ದಳು. ಬಾಯ್‌ಫ್ರೆಂಡೇ ಇರಬೇಕು ಅಂದುಕೊಂಡೆ. (ನನ್ನ ವಯಸ್ಸಿನವರ ಊಹೆ ಅಷ್ಟೇ ದೂರ ಓಡುವುದು.) ಅಲ್ಲ, ಕಂಪೈಲರ್ ಅಂತೆ. ರಾಯಚೂರಿನ ಈ ಹುಡುಗಿ ಬರೆದದ್ದನ್ನು ಮಷೀನಿನ ಭಾಷೆಗೆ ತಿರುಗಿಸಿ ಕೊಡುವ ಪ್ರೋಗ್ರಾಮು. ಅವಳ ಕೆಲಸ ಕಂಪ್ಯೂಟರನ್ನೇ ನಡೆಸುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ.

“ಭಾಳ ಶಾಣ್ಯಾ ಅದರಿ ಅಮ್ಮಾರ! ಹಾರ್ಡ್‌ವೇರ್ ರೆಡಿ ಆದ್ರ ಮೆಮೊರಿಯೊಳಗ ಈ ಜಾಗದಾಗ ಗುರುತು ಬೀಳ್ತದ, ಅಲ್ಲೀತನಕ ನೋಡ್ಕೋತ ಇರು ಅಂತ ನಾ ಬರದೀನಿ. ಇದು, ‘ಇಲ್ಲಿ ಯಾರೂ ಅದನ್ನ ಬದಲಿ ಮಾಡಂಗಿಲ್ಲ, ಸುಮ್ನ ಯಾಕ ಮತ್ತ ಮತ್ತ ನೋಡ್ಲಿ’ ಅಂತ ಒಂದೇ ಸಲ ನೋಡಿ ಬಿಟ್ಟದ. ಟೈಮ್ ಉಳಿಸ್ತದಂತ!”

“ಆಮೇಲೆ?”

“ಆಮೇಲೇನ್ರಿ, ಮಷೀನ್ ಹ್ಯಾಂಗ್, ನಿಂತಲ್ಲೇ ನಿಂತದ! ಹಾರ್ಡ್‌ವೇರ್ ಯಾವಾಗೋ ರೆಡಿ ಆಗಿ ಕುಂತದ. ಇದಕ್ಕ ಗೊತ್ತೇ ಇಲ್ಲ.”

ನನ್ನ ಕಾಫಿ ಆರಿಹೋಯಿತು.

ಲಿಂಗರಾಜಪುರದಲ್ಲಿ ಫಿಲೋ ಇದ್ದಾಳೆ. ಕಾನ್ವೆಂಟ್‌ನಲ್ಲಿ ನನ್ನ ಬೆಂಚ್‌ಮೇಟ್. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಈಗ ಅವಳಿಗೂ ಆ ಹೆಸರು ಮರೆತಿದೆ. ಆದರೂ ಪ್ರತಿ ಗುರುವಾರ ಹಲಸೂರಿನಿಂದ ಆಟೋ ಹಿಡಿದು ಹೋಗುತ್ತಿದ್ದೆ. ಹೋದ ತಿಂಗಳು ಅವಳ ಸೊಸೆ ಗೇಟಿನವರೆಗೂ ಬಂದು, “ಯಾಕೆ ಆಂಟಿ ಇಷ್ಟು ಕಷ್ಟಪಡ್ತೀರಾ? ಮಮ್ಮಿಗೆ ಯಾರೂ ಗೊತ್ತಾಗಲ್ಲ. ಏನಾದ್ರೂ ಚೇಂಜ್ ಆದ್ರೆ ನಾನೇ ಫೋನ್ ಮಾಡ್ತೀನಿ” ಅಂದಳು. ಒಳ್ಳೆಯ ಹುಡುಗಿ. ನನ್ನ ಮಂಡಿಯ ಮೇಲಿನ ಕರುಣೆಯಿಂದಲೇ ಅಂದದ್ದು.

ಸರಿ, ನಿಲ್ಲಿಸಿದೆ. ಫೋನ್ ಬರಲಿಲ್ಲ. ಗುರುವಾರಗಳು ಎಷ್ಟು ಉದ್ದ ಅಂತ ಆಗ ಗೊತ್ತಾಯಿತು.

“ನಿನ್ನ ಕಂಪೈಲರಿಗೇನು ಔಷಧ?” ಅಂತ ಭಾಗ್ಯಳನ್ನು ಕೇಳಿದೆ.

“ವೊಲಟೈಲ್ ಅಂತ ಒಂದು ಪದ ಹಾಕ್ಬೇಕ್ರಿ. ಇದು ಹೊರಗಿಂದ ಬದಲಾಗಬಹುದು, ನಿನ್ನ ಶಾಣ್ಯಾತನ ಬ್ಯಾಡ, ಪ್ರತಿ ಸಲ ಹೋಗಿ ನೋಡು ಅಂತ.”

ಈ ಗುರುವಾರ ಹೋದೆ. ಫಿಲೋ ಸೋಫಾದ ಒಂದು ತುದಿಗೆ ಅಂಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ. ಶಾಲೆಯಲ್ಲೂ ಹಾಗೆಯೇ: ದಿನಾ ಲೇಟಾಗಿ ಬರುವ ನನಗಾಗಿ, ಸಿಸ್ಟರ್ ಬೋರ್ಡಿನ ಕಡೆ ತಿರುಗಿದ್ದಾಗ, ಸದ್ದಿಲ್ಲದೆ ಸರಿದುಕೊಳ್ಳುತ್ತಿದ್ದಳು. ಹೋಗಿ ಕೂತೆ. ಅವಳು ನನ್ನ ಮುಖ ನೋಡಲಿಲ್ಲ.

“ನೀವು ಬರೋದು ನಿಂತಾಗಿಂದ ಹೀಗೇ ಆಂಟಿ, ಮೂಲೆಗೆ ಸರ್ಕೊಂಡು ಕೂತ್ಕೋತಾರೆ” ಅಂದಳು ಸೊಸೆ ಟೀ ತಂದಿಡುತ್ತಾ. “ಅದು ಬಿಟ್ರೆ ನೋ ಚೇಂಜ್.”

ನೋ ಚೇಂಜ್ ಎಂದರೆ, ಯಾರೂ ಮತ್ತೆ ನೋಡಲಿಲ್ಲ ಎಂದಷ್ಟೇ ಅರ್ಥವೇ?